ಪಕ್ಕದವಳ ಸಾಲಿಗೆ ಕುಡುಗೋಲು ಹಾಕಬಾರದು

ನಾನು ಬಿ.ಎಡ್. ಮಾಡಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವ ಎಡವಟ್ಟುಗಳಲ್ಲಿ ಅರ್ಧ ಅದರಿಂದಲೇ ಆದವು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಿ.ಎಸ್‌ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಜ್ಜಂಪುರ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು ದೀರ್ಘ ರಜೆ ಹಾಕಿ ಹೋಗಿದ್ದರಿಂದ, ಆ ಒಂದು ವರ್ಷದ ಮಟ್ಟಿಗೆ ನನ್ನನ್ನು ಕರೆದುಕೊಂಡಿದ್ದರು. ಪಾಠ ಮಾಡುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಉತ್ಸಾಹ ಮಾತ್ರ ಗಾಡಿಗಟ್ಟಲೆ ಇತ್ತು.

ಸೇರಿದ ವಾರವೇ ಲ್ಯಾಬಿನ ಬೀರು ಒರೆಸಲು ಹೋದಾಗ, ಮುರಿದ ತಕ್ಕಡಿ ಮತ್ತು ಬತ್ತಿಯಿಲ್ಲದ ಸ್ಪಿರಿಟ್ ದೀಪದ ಕೆಳಗೆ ಸೈಕ್ಲೋಸ್ಟೈಲ್ ಮಾಡಿದ ಕೆಲವು ಹಾಳೆಗಳು ಸಿಕ್ಕವು. ಹಿಂದೆ ಇದ್ದ ಯಾರೋ ಮೇಷ್ಟರು ಯಾವುದೋ ತರಬೇತಿಯಿಂದ ತಂದದ್ದಿರಬೇಕು. ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡುವುದು, ಪ್ರತಿ ಗುಂಪಿನಲ್ಲೂ ಬಲ್ಲವರು ತಿಳಿಯದವರು ಇಬ್ಬರೂ ಇರುವಂತೆ ನೋಡಿಕೊಳ್ಳುವುದು, ಪಾಠವನ್ನು ನಾಲ್ಕು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುವುದು, ಅವರು ಕಲಿತು ಉಳಿದವರಿಗೆ ಕಲಿಸುವುದು. ಆರು ಹಾಳೆ ಇದ್ದವು. ಏಳನೆಯದರಿಂದ ಮುಂದಕ್ಕೆ ಗೆದ್ದಲು ತಿಂದಿತ್ತು. ಆರು ಹಾಳೆ ಸಾಕು ಅಂದುಕೊಂಡೆ.

ಹತ್ತನೇ ತರಗತಿಯಲ್ಲಿ ಮೂವತ್ತಾರು ಮಕ್ಕಳಿದ್ದರು. ಒಂಬತ್ತು ಗುಂಪಾಯಿತು. ಹುಡುಗಿಯರ ಗುಂಪು ಮೂರು, ಹುಡುಗರವು ಆರು. ಗುಂಪುಗಳಿಗೆ ಹೆಸರಿಡಿ ಅಂದರೆ ಎಲ್ಲರೂ ರೈಲ್ವೆ ಸ್ಟೇಷನ್ನಿನ ಹೆಸರುಗಳನ್ನೇ ಹೇಳಿದರು. ಬೀರೂರಿಗಾಗಿ ಎರಡು ಗುಂಪಿನ ಹುಡುಗರು ಜಗಳವಾಡಿದರು, ಅದು ಜಂಕ್ಷನ್ ಅಂತ.

ನಾನು ಹೇಳಹೊರಟಿರುವುದು ಶಿವನಿ ಗುಂಪಿನ ಕತೆ. ಅದರಲ್ಲಿ ನಾಲ್ವರು ಹುಡುಗಿಯರು. ಈರುಳ್ಳಿ ಮಂಡಿ ಸಾಹುಕಾರರ ಮಗಳು ಲೆಕ್ಕದಲ್ಲಿ ಇಡೀ ತರಗತಿಗೆ ಮೊದಲು. ಪಾತ್ರೆಗೆ ಕಲಾಯಿ ಹಾಕುವ ಸಾಬರ ಮಗಳು ಮನೆಯಲ್ಲಿ ದಖ್ಖನಿ ಮಾತಾಡುತ್ತಿದ್ದುದರಿಂದ ಹಿಂದಿ ಅವಳಿಗೆ ನೀರು ಕುಡಿದಷ್ಟು ಸುಲಭ. ಮೂರನೆಯವಳು ಬುಕ್ಕಾಂಬುಧಿ ಕೆರೆಯ ಕೆಳಗಿನ ಹಳ್ಳಿಯವಳು, ಬೇಸಾಯದ ಮನೆ. ಭೂಪಟ ಬರೆದರೆ ಅಚ್ಚು ಹಾಕಿದಂತೆ ಬರೆಯುತ್ತಿದ್ದಳು, ಲೆಕ್ಕ ಕಂಡರೆ ತಲೆ ತಗ್ಗಿಸುತ್ತಿದ್ದಳು. ನಾಲ್ಕನೆಯವಳು ರೈಲ್ವೆ ಗ್ಯಾಂಗ್‌ಮನ್‌ರ ಮಗಳು. ಅವಳು ಮಾತೇ ಆಡುತ್ತಿರಲಿಲ್ಲ. ಹಾಜರಿ ಕೂಗಿದರೆ ಪಕ್ಕದವಳು "ಬಂದವಳೆ ಸಾ" ಅನ್ನಬೇಕಾಗಿತ್ತು.

ಮೊದಲ ಪಾಠ ಅಪವರ್ತನ. ಒಬ್ಬಳಿಗೆ ಎಲ್ಲ ಪದಗಳಿಂದ ಸಾಮಾನ್ಯವಾದದ್ದನ್ನು ಹೊರಗೆ ತೆಗೆಯುವುದು, ಒಬ್ಬಳಿಗೆ ಎರಡು ವರ್ಗಗಳ ವ್ಯತ್ಯಾಸ, ಒಬ್ಬಳಿಗೆ ಮೂರು ಪದಗಳ ಲೆಕ್ಕ, ಒಬ್ಬಳಿಗೆ ನಾಲ್ಕು ಪದಗಳನ್ನು ಎರಡೆರಡಾಗಿ ಜೋಡಿಸುವುದು. ಬೆಂಚು ತಿರುಗಿಸಿ ಎದುರುಬದುರು ಕೂರಿಸಿದೆ. ಐದು ನಿಮಿಷಕ್ಕೆ ಗದ್ದಲ ಹೆಂಚು ಹಾರುವಷ್ಟಾಯಿತು. ಹೆಡ್ ಮಾಸ್ಟರು ಬೆತ್ತ ಹಿಡಿದೇ ಬಂದರು.

"ಏನ್ರೀ ಇದು, ಸೋಮವಾರದ ಸಂತೇನಾ?"

"ಕಲಿತಾ ಇದಾರೆ ಸಾರ್, ಒಬ್ಬರಿಂದೊಬ್ಬರು."

"ಒಬ್ಬರಿಂದೊಬ್ಬರು ಕಲಿಯೋ ಹಾಗಿದ್ರೆ ನಿಮ್ಮನ್ಯಾಕೆ ಕರೆಸ್ಕೊಂಡ್ವಿ?" ಅಂದರು. ಆದರೂ ನಿಲ್ಲಿಸಲಿಲ್ಲ. "ಮುಂದಿನ ಟೆಸ್ಟಲ್ಲಿ ನೋಡೋಣ" ಎಂದು ಹೋದರು.

ಆಮೇಲೆ ಎರಡು ತಿಂಗಳು ನನಗೆ ಹಬ್ಬ. ಮನೆಲೆಕ್ಕ ತರದವರೇ ಇಲ್ಲ. ಶಿವನಿ ಗುಂಪಿನ ನಾಲ್ಕು ನೋಟ್‌ಬುಕ್ಕಂತೂ ಕಣ್ಣಿಗೆ ಒತ್ತಿಕೊಳ್ಳುವ ಹಾಗಿದ್ದವು. ಬಸ್ಸಿನಲ್ಲಿ ತರೀಕೆರೆಗೆ ಹೋಗುವಾಗ ಪಕ್ಕದಲ್ಲಿ ಕೂತ ಅಪರಿಚಿತರಿಗೂ ನನ್ನ ಗುಂಪು ಪದ್ಧತಿಯನ್ನು ವಿವರಿಸಿ ತಲೆ ತಿಂದಿದ್ದೇನೆ.

ಟೆಸ್ಟ್ ಬಂತು. ಗಣಿತದಲ್ಲಿ ತರಗತಿ ಮಕಾಡೆ ಮಲಗಿತು. ಹಿಂದಿನ ಮೇಷ್ಟರ ಕಾಲಕ್ಕಿಂತ ಕೆಟ್ಟದಾಗಿ.

ಆ ಸಂಜೆ ನೋಟ್‌ಬುಕ್ಕುಗಳನ್ನು ಮತ್ತೆ ತೆಗೆದು ನೋಡಿದೆ. ಶಿವನಿ ಗುಂಪಿನ ನಾಲ್ಕರಲ್ಲೂ ಒಂದೇ ಲೆಕ್ಕ ತಪ್ಪಾಗಿತ್ತು, ಒಂದೇ ಥರ ತಪ್ಪಾಗಿತ್ತು. ಎಕ್ಸ್ ವರ್ಗ ಮೈನಸ್ ಎಕ್ಸ್ ಮೈನಸ್ ಹನ್ನೆರಡು. ಉತ್ತರದಲ್ಲಿ ಎಕ್ಸ್ ಪ್ಲಸ್ ನಾಲ್ಕು, ಎಕ್ಸ್ ಮೈನಸ್ ಮೂರು ಅಂತ ಇತ್ತು. ಪ್ಲಸ್ಸು ಮೈನಸ್ಸು ಅದಲುಬದಲು. ನಾನು ಅದಕ್ಕೆ ಸರಿ ಗುರುತನ್ನೂ ಹಾಕಿದ್ದೆ, ನಾಲ್ಕರಲ್ಲೂ.

ಮರುದಿನ ನಾಲ್ವರನ್ನೂ ಕರೆದು ಕೇಳಿದೆ. ಮುಚ್ಚಿಡುವುದು ಏನಾದರೂ ಇದೆ ಎಂಬ ಅಳುಕೇ ಅವರಿಗಿರಲಿಲ್ಲ.

"ಮುಯ್ಯಾಳು ಸಾ" ಅಂದಳು ಕಲಾಯಿ ಸಾಬರ ಮಗಳು. "ಲೆಕ್ಕ ಎಲ್ಲಾರ್ದೂ ಅವಳು ಮಾಡ್ತಾಳೆ. ಹಿಂದಿ ಎಲ್ಲಾರ್ದೂ ನಂದು. ಮ್ಯಾಪು ಇವಳದು. ಅವಳು ಮಾತಾಡಲ್ಲ ಅಂತ ನೋಟ್ಸ್ ಕಾಪಿ ಅವಳದು. ನೀವೇ ಹೇಳಿದ್ರಲ್ಲ ಸಾ, ಒಬ್ಬರಿಗೊಬ್ಬರು ಆಗ್ಬೇಕು ಅಂತ?"

ಈ ಸೀಮೆಯಲ್ಲಿ ಮುಯ್ಯಾಳು ಎಂದರೆ ಎಲ್ಲರಿಗೂ ಗೊತ್ತು. ಇವತ್ತು ನಿಮ್ಮ ಮನೆಯವರು ನಮ್ಮ ಗದ್ದೆಗೆ ಬಂದರೆ, ನಾಳೆ ನಮ್ಮ ಮನೆಯವರು ನಿಮ್ಮ ಗದ್ದೆಗೆ ಬರುತ್ತಾರೆ. ಕೂಲಿಯಿಲ್ಲ, ಆಳಿಗೆ ಆಳು. ನಾನು ಗುಂಪು ಅಂದದ್ದನ್ನು ಮಕ್ಕಳು ತಮಗೆ ಗೊತ್ತಿದ್ದ ಪದ್ಧತಿಗೆ ಹೊಂದಿಸಿಕೊಂಡಿದ್ದರು. ಉಳಿದ ಎಂಟು ಗುಂಪುಗಳನ್ನು ವಿಚಾರಿಸಿದೆ. ಅಲ್ಲೂ ಅದೇ. ಬೀರೂರು ಗುಂಪಿನಲ್ಲಿ ಒಬ್ಬ ಎಲ್ಲರ ಲೆಕ್ಕ ಮಾಡಿಕೊಟ್ಟು, ಪ್ರತಿಯಾಗಿ ಮೂವರಿಂದ ಸರದಿಯ ಮೇಲೆ ಸೈಕಲ್ ಸವಾರಿ ವಸೂಲು ಮಾಡುತ್ತಿದ್ದ.

ಹೆಡ್ ಮಾಸ್ಟರು ಕೂಗಾಡಲಿಲ್ಲ. ಅದೇ ಭಯವಾದದ್ದು. ಕೆಂಪು-ನೀಲಿ ಪೆನ್ಸಿಲ್ ತೆಗೆದುಕೊಂಡು ಒಂದು ಹಾಳೆಯ ಮೇಲೆ ಹನ್ನೊಂದು ಹೆಸರು ಬರೆದರು.

"ಇವರು ಪ್ರಿಪರೇಟರಿಯಲ್ಲಿ ಗಣಿತ ಪಾಸಾಗದೇ ಇದ್ರೆ ಪಬ್ಲಿಕ್ ಪರೀಕ್ಷೆಗೆ ಅರ್ಜಿ ಕಳಿಸಲ್ಲ. ಮುಂದಿನ ವರ್ಷ ಖಾಸಗಿಯಾಗಿ ಕಟ್ಕೊಳ್ಳಲಿ. ಶಾಲೆ ರಿಸಲ್ಟ್ ನಾನು ಹಾಳು ಮಾಡ್ಕೊಳ್ಳೋ ಹಾಗಿಲ್ಲ."

ಮುಂದಿನ ವರ್ಷ ಖಾಸಗಿಯಾಗಿ ಕಟ್ಟುತ್ತೇನೆಂದು ಹೋದವರಲ್ಲಿ ಕಟ್ಟಿದವರು ಎಷ್ಟು ಜನ ಅಂತ ಅವರಿಗೂ ಗೊತ್ತಿತ್ತು, ಅಷ್ಟು ಹೊತ್ತಿಗೆ ನನಗೂ ಗೊತ್ತಿತ್ತು. ಹುಡುಗಿಯರಾದರೆ ಅಲ್ಲಿಗೆ ಶಾಲೆ ಮುಗಿಯಿತು ಅಂತಲೇ. ಹನ್ನೊಂದರಲ್ಲಿ ಶಿವನಿ ಗುಂಪಿನ ಎರಡು ಹೆಸರಿದ್ದವು: ಕೆರೆ ಕಡೆಯವಳು, ಗ್ಯಾಂಗ್‌ಮನ್ ಮಗಳು.

ಅದೇ ವಾರ ಮಂಡಿ ಸಾಹುಕಾರರೂ ಬಂದರು. ಹಣೆಯ ತುಂಬ ವಿಭೂತಿ, ಮೆಲುದನಿ. ಮಗಳಿಗೆ ಟೆಸ್ಟಿನಲ್ಲಿ ಎರಡನೇ ಸ್ಥಾನ ಬಂದಿತ್ತು. "ನಮ್ಮ ಹುಡುಗಿ ಕಲಿಯೋಕೆ ಬರ್ತಾಳೋ, ನಿಮ್ಮ ಕೈಕೆಳಗೆ ಮೇಷ್ಟ್ರಾಗೋಕೆ ಬರ್ತಾಳೋ ಕೇಳ್ಕಂಡು ಹೋಗಾನ ಅಂತ ಬಂದೆ ಕಣ್ರೀ" ಎಂದರು. ಅವರು ಹೋದ ಮೇಲೆ ಬೆಂಚುಗಳನ್ನು ಮೊದಲಿನ ಹಾಗೆ ಕರಿಹಲಗೆಯ ಕಡೆಗೆ ತಿರುಗಿಸಿ ಹಾಕಿಸಿದೆ.

ಕೆರೆ ಕಡೆಯವಳು ನಾಲ್ಕು ದಿನ ಶಾಲೆಗೆ ಬರಲಿಲ್ಲ. ಪಟ್ಟಿಯ ವಿಷಯ ಕೇಳಿ ಶಾಲೆ ಬಿಟ್ಟಳೇನೋ ಎಂದು ಗಾಬರಿಯಾಗಿ ಭಾನುವಾರ ಸೈಕಲ್ ಹತ್ತಿದೆ. ಕೆರೆ ಏರಿ ಇಳಿದು ಹೋದರೆ ಅವಳು ಗದ್ದೆಯಲ್ಲಿದ್ದಳು. ಭತ್ತದ ಕೊಯ್ಲು. ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿದ್ದರು, ಎಲ್ಲ ಮುಯ್ಯಾಳು. ಬದುವಿನ ಮೇಲೆ ಅವಳ ಅಜ್ಜಿ ಕೂತು ನೋಡಿಕೊಳ್ಳುತ್ತಿದ್ದಳು.

"ನಮ್ ಮೇಷ್ಟ್ರು ಕಣಜ್ಜಿ" ಅಂದಳು ಹುಡುಗಿ, ನಾಚಿಕೊಂಡು.

"ಇವನಾ ಮೇಷ್ಟ್ರು? ಇನ್ನೂ ಹುಡುಗ! ಕುಂತ್ಕಳಪ್ಪ."

ಕೂತು ನೋಡಿದೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ನಡುವೆ ಒಬ್ಬಳು ಹೊಸದಾಗಿ ಮದುವೆಯಾಗಿ ಬಂದವಳು, ಬೀರೂರು ಪೇಟೆಯ ಹುಡುಗಿಯಂತೆ. ಕುಡುಗೋಲು ಹಿಡಿಯಲು ಬರುತ್ತಿರಲಿಲ್ಲ, ತುಂಬ ಹಿಂದೆ ಬಿದ್ದಿದ್ದಳು. ಅವಳ ಎಡಬಲಕ್ಕೆ ಇಬ್ಬರು ಚುರುಕಿನವರನ್ನು ಬೇಕೆಂದೇ ನಿಲ್ಲಿಸಿದ್ದರು. ಅವರು ಆಗಾಗ ನಿಂತು, ಪೈರನ್ನು ಮುಷ್ಟಿಯಲ್ಲಿ ಹೇಗೆ ಹಿಡಿಯಬೇಕು, ಕುಡುಗೋಲನ್ನು ಎಷ್ಟು ಕೆಳಗೆ ಹಾಕಬೇಕು ಎಂದು ತೋರಿಸುತ್ತಿದ್ದರು. ಮತ್ತೆ ತಮ್ಮ ಸಾಲಿಗೆ ಹೋಗುತ್ತಿದ್ದರು. ನನಗೆ ನೋಡಲಾಗಲಿಲ್ಲ.

"ಪಾಪ, ಆ ಹೊಸಬರ ಸಾಲನ್ನೂ ಯಾರಾದರೂ ಕೊಯ್ದುಕೊಡಬಾರದಾ ಅಜ್ಜಿ? ಅವರು ಬೇಕಾದರೆ ಎಲ್ಲರಿಗೂ ನೀರು ತಂದುಕೊಡಲಿ."

ಅಜ್ಜಿ ನಕ್ಕಳು. "ಯಾಕಪ್ಪಾ, ಅವಳ ಕೈಗೆ ಏನಾಗೈತೆ? ಕೊಯ್ಲಿಗೆ ಕೊಯ್ಲು ಕಣಪ್ಪ, ನೀರಲ್ಲ. ಇವತ್ತು ಅವಳ ಸಾಲು ನಾವು ಕೊಯ್ದುಬಿಟ್ರೆ, ನಾಳಿಕ್ಕೆ ನಮ್ ಗದ್ದೆಗೆ ಅವಳು ಯಾರ ಕೈ ತಗಂಡು ಬತ್ತಾಳೆ? ನಿಂತ್ಕಂಡು ತೋರಿಸ್ಬೋದು. ಪಕ್ಕದವಳ ಸಾಲಿಗೆ ಕುಡುಗೋಲು ಹಾಕಂಗಿಲ್ಲ."

ಹುಡುಗಿ ಕೊಯ್ಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದಳು. ಆಮೇಲೆ ಹತ್ತಿರ ಬಂದು, ತಲೆ ತಗ್ಗಿಸಿಕೊಂಡೇ ಅಂದಳು: "ಸಾ, ಸ್ಕೂಲಲ್ಲಿ ನನ್ ಸಾಲೆಲ್ಲ ಸಾಹುಕಾರ್ರ ಮಗಳೇ ಕೊಯ್ದವಳೆ ಸಾ."

ನಾನು ಸೈಕಲ್ ತುಳಿದದ್ದು ಸೀದಾ ಹೆಡ್ ಮಾಸ್ಟರ ಮನೆಗೆ. ಗುಂಪು ಬಿಡುವುದಿಲ್ಲ ಸಾರ್, ನಿಯಮ ಬದಲಾಯಿಸುತ್ತೇನೆ ಅಂದೆ. ಗದ್ದೆಯಲ್ಲಿ ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿ, "ಪ್ರಿಪರೇಟರಿ ತನಕ ಟೈಮು. ಆಮೇಲೆ ಗುಂಪೂ ಇರಲ್ಲ, ಪ್ರಾಯಶಃ ನೀವೂ ಇರಲ್ಲ" ಎಂದರು. ಆರು ವಾರ ಸಿಕ್ಕಿತು.

ಸೋಮವಾರ ಬೆಂಚುಗಳು ಮತ್ತೆ ಎದುರುಬದುರಾದವು. ಹೊಸ ನಿಯಮಗಳನ್ನು ಹಲಗೆಯ ಮೇಲೆ ಬರೆದೆ. ಇನ್ನೊಬ್ಬರ ಪುಸ್ತಕದ ಮೇಲೆ ಯಾರೂ ಪೆನ್ಸಿಲ್ ಇಡಬಾರದು. ಬಾಯಲ್ಲಿ ಹೇಳಬಹುದು, ತಮ್ಮ ಪುಸ್ತಕದಲ್ಲಿ ಬೇರೆ ಲೆಕ್ಕ ಮಾಡಿ ತೋರಿಸಬಹುದು, ಅಷ್ಟೇ. ಇವತ್ತು ಲೆಕ್ಕ ಕಲಿತವರು ನಾಳೆ ಕಲಿಸಿದವರಿಗೇ ಅದೇ ಜಾತಿಯ ಇನ್ನೊಂದು ಲೆಕ್ಕವನ್ನು ಕಲಿಸಿ ಮುಯ್ಯಿ ತೀರಿಸಬೇಕು, ಲೆಕ್ಕಕ್ಕೆ ಲೆಕ್ಕ, ಹಿಂದಿಯಲ್ಲ. ಶನಿವಾರ ಪ್ರತಿ ಗುಂಪಿನಿಂದ ಚೀಟಿ ಎತ್ತುತ್ತೇನೆ. ಯಾರ ಹೆಸರು ಬರುತ್ತದೋ ಅವರು ಹಲಗೆಗೆ ಬಂದು ಲೆಕ್ಕ ಮಾಡಬೇಕು. ಅವರಿಗೆ ಬಿದ್ದ ಅಂಕವೇ ನಾಲ್ವರಿಗೂ.

"ಹಂಗಾದ್ರೆ ಬಲ್ಲವರ ಚೀಟಿ ಬಂದ್ರೆ ಲಾಟ್ರಿ ಸಾ!" ಎಂದ ಬೀರೂರು ಗುಂಪಿನವನು.

"ಬರದಿದ್ರೆ?" ಅಂದೆ. ಒಂಬತ್ತು ಗುಂಪಿನವರೂ ತಮ್ಮಲ್ಲಿ ಲೆಕ್ಕ ಬಾರದವರ ಕಡೆ ತಿರುಗಿದರು.

ಮೊದಲ ಶನಿವಾರ ಶಿವನಿ ಗುಂಪಿಗೆ ಬಂದದ್ದು ಗ್ಯಾಂಗ್‌ಮನ್ ಮಗಳ ಚೀಟಿ. ಅವಳು ಸೀಮೆಸುಣ್ಣ ಹಿಡಿದು ನಿಂತಳು. ನಿಂತೇ ಇದ್ದಳು. "ಗಾಡಿ ಶಿವನೀಲಿ ಕ್ರಾಸಿಂಗಿಗೆ ನಿಂತೈತೆ ಕಣ್ರೋ" ಎಂದು ಹಿಂದಿನಿಂದ ಯಾರೋ ಅಂದರು, ಹುಡುಗರೆಲ್ಲ ನಕ್ಕರು. ಸೊನ್ನೆ ಬರೆದೆ. ನಾಲ್ವರ ಹೆಸರಿನ ಮುಂದೆಯೂ. ಸಾಹುಕಾರರ ಮಗಳು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಜೀವಮಾನದಲ್ಲಿ ಅವಳಿಗೆ ಸೊನ್ನೆ ಬಂದಿರಲಿಲ್ಲ.

ಸೋಮವಾರ ಅವಳು ಗ್ಯಾಂಗ್‌ಮನ್ ಮಗಳ ಮೇಲೆ ಹರಿಹಾಯ್ದಳು. "ಬಾಯಿಲ್ಲೇನೇ ನಿಂಗೆ? ಗೊತ್ತಾಗ್ದಿದ್ರೆ ಕೇಳಕ್ಕೇನು ದಾಡಿ? ಕೇಳೇ ಈಗ!"

ಆ ಹುಡುಗಿ ಕೇಳಿದಳು. ಅವಳ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅವತ್ತೇ. "ಈ ಕಡೆ ಪ್ಲಸ್ ಇರೋದು ಆ ಕಡೆ ಹೋದ್ರೆ ಮೈನಸ್ ಯಾಕ್ ಆಗ್ತೈತೆ?"

"ಆಗ್ತೈತೆ ಅಷ್ಟೇ."

"ಅದೇ, ಯಾಕೆ?"

"ಅಯ್ಯೋ, ಆಗ್ತೈತೆ ಕಣೇ! ರೂಲ್ಸು!"

ಕಲಾಯಿ ಸಾಬರ ಮಗಳು ಮೆಲ್ಲಗೆ ಅಂದಳು, "ನಂಗೂ ಗೊತ್ತಿಲ್ಲ ಕಣೇ. ನಿಂಗೆ ಗೊತ್ತಾ?"

ತರಗತಿಗೇ ಮೊದಲನೆಯವಳು ಪುಸ್ತಕದ ಹಾಳೆ ತಿರುವಿದಳು. ಎರಡು ವರ್ಷದಿಂದ ಆ ಥರದ ಲೆಕ್ಕಗಳನ್ನು ತಪ್ಪಿಲ್ಲದೆ ಮಾಡುತ್ತಿದ್ದಳು, ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ನನ್ನ ಕಡೆ ನೋಡಿದಳು. ಹೇಳಿಬಿಡಬೇಕೆಂದು ನಾಲಿಗೆ ತುದಿಗೆ ಬಂತು. ಗದ್ದೆ ಬದುವಿನ ಅಜ್ಜಿ ನೆನಪಾಗಿ, "ನಾಳೆ ಹೇಳು" ಎಂದು ಮುಂದಿನ ಗುಂಪಿಗೆ ಹೋದೆ. ಆ ವರ್ಷ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ ಅದೇ ಇರಬೇಕು.

ಎರಡು ದಿನ ಬಿಟ್ಟು ಸಾಹುಕಾರರು ಮತ್ತೆ ಶಾಲೆಗೆ ಬಂದರು. ಸೊನ್ನೆಯ ಸುದ್ದಿಗೇ ಬಂದಿದ್ದಾರೆಂದು ಎದ್ದು ನಿಂತೆ.

"ನಿನ್ನೆ ನಮ್ಮ ಹುಡುಗಿ ಮಂಡೀಲಿ ಗಿರಾಕಿ ನಿಲ್ಲಿಸ್ಕಂಡು, ನನ್ ತಕ್ಕಡಿ ಹಿಡ್ಕಂಡು ಕುಂತಿದ್ಲು ಕಣ್ರೀ" ಎಂದರು. "ಈ ತಟ್ಟೆಯಿಂದ ಎರಡು ಈರುಳ್ಳಿ ತೆಗೆಯೋದು, ಆ ತಟ್ಟೆಯಿಂದ ಎರಡು ತೆಗೆಯೋದು. ಮುಳ್ಳು ನೋಡೋದು. ತನಗೆ ತಾನೇ ಮಾತಾಡ್ಕಳೋದು. ಆಮೇಲೆ ಗೊತ್ತಾಯ್ತು ಗೊತ್ತಾಯ್ತು ಅಂತ ಕುಣಿದಾಡಿದ್ಲು. ಏನು ಗೊತ್ತಾಯ್ತೇ ಅಂದ್ರೆ, ಯಾವುದೂ ಆ ಕಡೆ ಹೋಗೋದೇ ಇಲ್ಲವಂತೆ, ಎರಡೂ ಕಡೆಯಿಂದ ಒಂದೇ ಸಮ ತೆಗೀತೀವಂತೆ." ಹೊರಟವರು ತಿರುಗಿ ಅಂದರು, "ನಂಬರ್ ಕಮ್ಮಿಯಾದ್ರೆ ನಿಮ್ಮನ್ನ ಬಿಡಲ್ಲ, ಅದು ಬೇರೆ ಮಾತು. ಗುಂಪು ಇರ್ಲಿ."

ಅವತ್ತಿನಿಂದ ಬದಲಾವಣೆ ಶುರುವಾಯಿತು ಎಂದು ಬರೆದರೆ ಪೂರ್ತಿ ನಿಜವಾಗುವುದಿಲ್ಲ. ಎರಡನೇ ಶನಿವಾರವೂ ನಾಲ್ಕು ಗುಂಪಿಗೆ ಸೊನ್ನೆ ಬಿತ್ತು. ಕಡೂರು ಗುಂಪಿನ ಹುಡುಗರು ಚೀಟಿಯ ಡಬ್ಬಿಗೆ ಒಂದೇ ಹೆಸರಿನ ನಾಲ್ಕು ಚೀಟಿ ಹಾಕಿ ಸಿಕ್ಕಿಬಿದ್ದರು. ಆದರೆ ಮೂರನೇ ವಾರದ ಹೊತ್ತಿಗೆ ಗದ್ದಲದ ದನಿ ಬೇರೆಯಾಗಿತ್ತು. ಮೊದಲು "ಬರ್ಕೋ, ಬರ್ಕೋ" ಎಂದು ಕೇಳುತ್ತಿದ್ದ ಕಡೆಯಲ್ಲಿ ಈಗ "ಯಾಕೆ ಹೇಳು, ಯಾಕೆ ಹೇಳು" ಕೇಳುತ್ತಿತ್ತು. ಕೆರೆ ಕಡೆಯವಳ ಚೀಟಿ ಬಂದ ದಿನ ಅವಳು ಪೈಥಾಗೊರಸ್ ಪ್ರಮೇಯವನ್ನು ಚಿತ್ರ ಬರೆದು ಮುಗಿಸಿದಳು. ಆ ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಹಲಗೆ ಒರೆಸಲು ಮುಂದಿನ ಪೀರಿಯಡ್ಡಿನ ಹಿಂದಿ ಮೇಡಂಗೆ ಮನಸ್ಸು ಬರಲಿಲ್ಲ.

ಪ್ರಿಪರೇಟರಿ ಪರೀಕ್ಷೆಯ ಗಣಿತದ ಪತ್ರಿಕೆಗಳನ್ನು ಹೆಡ್ ಮಾಸ್ಟರೇ ತಿದ್ದಿದರು. "ನೀವು ತಿದ್ದಿದ್ರೆ ನಿಮಗೂ ಅನುಮಾನ, ನನಗೂ ಅನುಮಾನ" ಎಂದರು. ಮೂರನೇ ದಿನ ಕರೆದು ಹನ್ನೊಂದು ಹೆಸರಿನ ಹಾಳೆಯನ್ನು ಮುಂದಿಟ್ಟರು. ಎಂಟು ಹೆಸರಿಗೆ ಕೆಂಪು ಗೆರೆ ಹೊಡೆದಿತ್ತು, ಪಾಸಾಗಿ ಪಟ್ಟಿಯಿಂದ ಹೊರಗೆ ಅಂತ. ಕೆರೆ ಕಡೆಯವಳ ಹೆಸರಿನ ಮೇಲೆ ಗೆರೆ ಇತ್ತು. ಗೆರೆ ಇಲ್ಲದ ಮೂರರಲ್ಲಿ ಗ್ಯಾಂಗ್‌ಮನ್ ಮಗಳದೂ ಒಂದು. ಮೂವತ್ತೈದು ಬೇಕಿತ್ತು, ಮೂವತ್ತೊಂದು ಬಂದಿದೆ ಎಂದು ಹೆಡ್ ಮಾಸ್ಟರು ಓದಿ ಹೇಳಿದರು.

"ಎಂಟು ಜನ ಬರ್ತಾರೆ ಅಂತ ನಾನು ಅಂದ್ಕೊಂಡಿರಲಿಲ್ಲ" ಎಂದರು. ಅದು ಅವರ ಬಾಯಿಂದ ದೊಡ್ಡ ಮಾತು. ಆದರೆ ನನ್ನ ಕಣ್ಣು ಆ ಮೂರು ಹೆಸರುಗಳ ಮೇಲೇ ಇತ್ತು.

ಬಾಗಿಲಲ್ಲಿ ಸದ್ದಾಯಿತು. ಶಿವನಿ ಗುಂಪು, ನಾಲ್ವರೂ, ಹೊರಗೆ ನಿಂತು ಕೇಳಿಸಿಕೊಂಡಿದ್ದರು. ಗ್ಯಾಂಗ್‌ಮನ್ ಮಗಳು ಎಲ್ಲರ ಹಿಂದೆ.

"ಏನ್ರಮ್ಮಾ?"

ಸಾಹುಕಾರರ ಮಗಳು ಉಸಿರು ಎಳೆದುಕೊಂಡು ಹೇಳಿದಳು. "ಸಾರ್, ಇವಳದು ನಾಲ್ಕೇ ನಾಲ್ಕು ನಂಬರ್ ಕಮ್ಮಿ. ಅರ್ಜಿ ಕಳಿಸೋಕೆ ಇನ್ನೂ ಟೈಮ್ ಐತಂತೆ. ಯಾವ ಲೆಕ್ಕನಾದ್ರೂ ಕೊಡಿ ಸಾರ್, ಇಲ್ಲೇ ಮಾಡ್ತಾಳೆ."

"ನೀನು ಹೇಳಿಕೊಡ್ತೀಯಾ?"

"ಇಲ್ಲ ಸಾರ್." ಮೂವರೂ ಗೋಡೆಗೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನಾವು ಬಾಯೂ ಬಿಡಲ್ಲ."

ಹೆಡ್ ಮಾಸ್ಟರು ನನ್ನನ್ನು ನೋಡಿದರು. ಎದ್ದುಹೋಗಿ, ನೋಟಿಸು ಬರೆಯುವ ಸಣ್ಣ ಹಲಗೆಯನ್ನು ಒರೆಸಿ, ತಾವೇ ಲೆಕ್ಕ ಬರೆದರು. ಎಕ್ಸ್ ವರ್ಗ ಮೈನಸ್ ಎಕ್ಸ್ ಮೈನಸ್ ಹನ್ನೆರಡು. ಅದನ್ನೇ ಯಾಕೆ ಆರಿಸಿಕೊಂಡರೋ ಗೊತ್ತಿಲ್ಲ. ನೋಟ್‌ಬುಕ್ಕಿನ ವಿಷಯ ನಾನು ಅವರಿಗೆ ಹೇಳಿರಲಿಲ್ಲ.

ಅವಳು ಸೀಮೆಸುಣ್ಣ ಹಿಡಿದು ಲೆಕ್ಕವನ್ನು ಓದಿಕೊಂಡಳು. ನಂತರ ಬರೆದಳು: ಎಕ್ಸ್ ಪ್ಲಸ್ ನಾಲ್ಕು, ಎಕ್ಸ್ ಮೈನಸ್ ಮೂರು. ಅದೇ ತಪ್ಪು. ಗೋಡೆಯ ಬಳಿ ಕಲಾಯಿ ಸಾಬರ ಮಗಳು ತುಟಿ ಕಚ್ಚಿಕೊಂಡಳು. ಬೆನ್ನ ಹಿಂದಿನ ಕೈಗಳು ಕದಲಲಿಲ್ಲ.

ಹೆಡ್ ಮಾಸ್ಟರು ಪೆನ್ಸಿಲ್ಲನ್ನು ಮೇಜಿನ ಮೇಲಿಡಲು ಹೋದರು. ಅವಳು ಹಲಗೆ ಬಿಟ್ಟು ಕದಲಿರಲಿಲ್ಲ. ಬರೆದದ್ದರ ಕೆಳಗೆ ಎರಡನ್ನೂ ಗುಣಿಸತೊಡಗಿದಳು, ಒಂದೊಂದೇ ಪದ, ತುಟಿ ಅಲ್ಲಾಡಿಸುತ್ತ. ನಡುವಿನ ಪದ ಪ್ಲಸ್ ಎಕ್ಸ್ ಬಂತು. ಮೇಲೆ ನೋಡಿದಳು, ಅಲ್ಲಿ ಮೈನಸ್ ಎಕ್ಸ್ ಇತ್ತು. ಲಂಗ-ಜಾಕೀಟಿನ ಹುಡುಗಿಗೆ ಒರೆಸಲು ಸೆರಗಿಲ್ಲ, ಬರೆದ ಉತ್ತರವನ್ನು ಅಂಗೈಯಿಂದಲೇ ಅಳಿಸಿದಳು. ಎಕ್ಸ್ ಮೈನಸ್ ನಾಲ್ಕು, ಎಕ್ಸ್ ಪ್ಲಸ್ ಮೂರು. ಮತ್ತೆ ಗುಣಿಸಿ ನೋಡಿ, ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಈಗ ಸರಿ ಐತೆ ಸಾರ್. ಮೊದ್ಲು ಮಾಡಿದ್ದು ತಪ್ಪಾಗಿತ್ತು."

ಹೆಡ್ ಮಾಸ್ಟರು ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಮೂವರೂ ಓಡಿಬಂದು ಅವಳನ್ನು ತಬ್ಬಿಕೊಂಡರು, ಹೆಡ್ ಮಾಸ್ಟರ ಕೋಣೆಯೆಂಬುದನ್ನೂ ಮರೆತು. ಹುಡುಗಿಯರನ್ನು ಹೊರಗೆ ಅಟ್ಟಿ, ಹೆಡ್ ಮಾಸ್ಟರು ಪಟ್ಟಿಯಲ್ಲಿ ಉಳಿದ ಎರಡು ಹೆಸರುಗಳನ್ನು ಮತ್ತೆ ಓದಿಕೊಂಡರು. ನಾನು ಎದ್ದು ಬಾಗಿಲ ತನಕ ಬಂದಿದ್ದೆ.

"ಏನ್ರೀ," ಎಂದು ಕೂಗಿದರು. "ನಾಳೆ ಹತ್ತು ಗಂಟೆಗೆ ಇವರಿಬ್ಬರನ್ನೂ ಕರ್ಕೊಂಡು ಬನ್ನಿ. ಗುಂಪಿನವರೂ ಬರಲಿ. ಕೈ ಮಾತ್ರ ಹಿಂದಕ್ಕೆ ಕಟ್ಕೊಂಡಿರಬೇಕು."